ಹಿನ್ನೆಲೆಯಲ್ಲಿ ಪ್ರೊಸೆಸರ್ ನುಂಗುವ ಪ್ರೊಸೆಸ್: ಆಳನ್ನು ಬಿಟ್ಟು ಧಣಿಯನ್ನು ಹಿಡಿಯುವ ಕ್ರಮ

ಉಡುಪಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕೆಲವು ತಿಂಗಳುಗಳಿರುತ್ತವೆ. ಎರಡು ವರ್ಷಗಳಿಗೊಮ್ಮೆ ಬರುವ ಜನವರಿ 18ರ ಪರ್ಯಾಯಕ್ಕೆ ಮುಂಚಿನ ವಾರಗಳು ಒಂದಾದರೆ, ಆಮೇಲೆ ಮಳೆ ಹಿಡಿಯುವ ತನಕ ಮದುವೆ, ಬ್ರಹ್ಮಕಲಶ, ನೇಮ, ಬಯಲಾಟಗಳ ಆಮಂತ್ರಣ ಮತ್ತು ಕರಪತ್ರಗಳ ಕಾಲ. ಅಂಥದ್ದೇ ಒಂದು ಏಪ್ರಿಲ್ ಬೆಳಿಗ್ಗೆ, ಬ್ರಹ್ಮಕಲಶೋತ್ಸವದ ಆಮಂತ್ರಣದ ಕರಡು ನೋಡಲು ಬಂದಿದ್ದ ಹಿರಿಯರೊಬ್ಬರು ನನ್ನ ಬೆನ್ನ ಹಿಂದೆ ನಿಂತು, ಅರ್ಚಕರ ಹೆಸರಿಗೆ ಬಿಟ್ಟುಹೋಗಿದ್ದ ಒಂದು ದೀರ್ಘವನ್ನು ಸೇರಿಸಲು ನಾನು ಒದ್ದಾಡುತ್ತಿದ್ದುದನ್ನು ನೋಡಿ, "ಎಂಥ ಮಾರಾಯ್ರೆ, ಒಂದು ದೀರ್ಘ ಕೊಡ್ಲಿಕ್ಕೆ ಇಷ್ಟು ಹೊತ್ತಾ?" ಎಂದು ಕೇಳಿದರು. ಕೀಲಿ ಒತ್ತಿ ಎರಡು ಸೆಕೆಂಡು ಕಳೆದ ಮೇಲೆ ಅಕ್ಷರ ಮೂಡುತ್ತಿತ್ತು. ಕೇಬಿನೆಟ್ಟಿನ ಫ್ಯಾನು ಮಾತ್ರ ಅಕ್ಕಿ ಗಿರಣಿಯಂತೆ ಮೊರೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದನ್ನೇ ನಾನೂ ಮಾಡಿದೆ: ಯಂತ್ರದಲ್ಲಿ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯ ತುದಿಯಲ್ಲಿದ್ದ ಹೆಸರನ್ನು ಆರಿಸಿ, 'ಎಂಡ್ ಟಾಸ್ಕ್' ಒತ್ತಿದೆ. ಐದು ನಿಮಿಷದಲ್ಲಿ ಅದೇ ಹೆಸರು ಮತ್ತೆ ಅದೇ ಜಾಗದಲ್ಲಿತ್ತು. ಹಿನ್ನೆಲೆಯಲ್ಲಿ ದುಡಿಯುವ ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಪೈಕಿ ಬಹುಪಾಲು ಆಳುಗಳೇ ಹೊರತು ಧಣಿಗಳಲ್ಲ ಎಂಬುದು ಅರ್ಥವಾಗುವವರೆಗೆ ಈ ತೊಂದರೆ ಬಗೆಹರಿಯುವುದಿಲ್ಲ. ಆದ್ದರಿಂದ ಪ್ರೊಸೆಸ್ಸನ್ನು ಕೊಲ್ಲುವ ವಿಧಾನಕ್ಕಿಂತ, ಅದು ಯಾರ ಅಪ್ಪಣೆಯ ಮೇರೆಗೆ ಯಾವ ಕೆಲಸ ಮಾಡುತ್ತಿದೆ ಎಂದು ಪತ್ತೆ ಹಚ್ಚುವ ವಿಧಾನಕ್ಕೆ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ವಿವರಗಳು ವಿಂಡೋಸ್ 11ಕ್ಕೆ ಅನ್ವಯಿಸುತ್ತವೆ. 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿರುವ ವಿಂಡೋಸ್ 10ರಲ್ಲಿಯೂ ಸ್ವಲ್ಪ ಆಚೀಚೆ ಇದೇ ಕ್ರಮ ನಡೆಯುತ್ತದೆ.

ಮೊದಲ ಹಂತ: ರೀಸ್ಟಾರ್ಟ್ ಮಾಡಿ, ಕಾಯಿರಿ, ಹೊತ್ತು ಬರೆದಿಡಿ

ಕಂಪ್ಯೂಟರನ್ನು ದಿನವೂ ರಾತ್ರಿ ಶಟ್‌ಡೌನ್ ಮಾಡುತ್ತೇನೆ, ಹಾಗಾಗಿ ಬೆಳಿಗ್ಗೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ ಎಂದು ಭಾವಿಸುವವರು ಬಹಳ ಮಂದಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ಯಂತ್ರದಲ್ಲಿ ಅದು ಹಾಗಲ್ಲ. ಶಟ್‌ಡೌನ್ ಮಾಡಿದಾಗ ನೀವು ತೆರೆದಿಟ್ಟ ಅಪ್ಲಿಕೇಶನ್‌ಗಳು ಮುಚ್ಚುತ್ತವೆಯಾದರೂ, ವಿಂಡೋಸಿನ ತಿರುಳು ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ. ನಿಜವಾದ ಹೊಸ ಆರಂಭ ಬೇಕಿದ್ದರೆ 'ರೀಸ್ಟಾರ್ಟ್' ಆರಿಸಬೇಕು. ಆ ನಂತರ ಕಾಲು ಗಂಟೆ ಏನನ್ನೂ ತೆರೆಯದೆ ಬಿಡಿ, ಏಕೆಂದರೆ ಆರಂಭದ ಕೆಲವು ನಿಮಿಷ ಅಪ್‌ಡೇಟ್ ಹುಡುಕಾಟ, ಆ್ಯಂಟಿವೈರಸ್ ತಪಾಸಣೆ ಎಲ್ಲವೂ ಒಟ್ಟಿಗೇ ನಡೆಯುವುದು ಸಹಜ, ಆಗ ಕಾಣುವ ಅಂಕಿಯನ್ನು ರೋಗಲಕ್ಷಣವೆಂದು ಎಣಿಸಬಾರದು.

ಕಾಲು ಗಂಟೆಯ ಮೇಲೂ ಭಾರ ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಏರಿದರೆ, ಏರಿದ ಹೊತ್ತನ್ನು ಬರೆದಿಡಿ. ಟಾಸ್ಕ್ ಮ್ಯಾನೇಜರಿನ ರೇಖಾಚಿತ್ರ ಹಿಂದಿನ 60 ಸೆಕೆಂಡುಗಳನ್ನಷ್ಟೇ ತೋರಿಸುವುದರಿಂದ ಗಂಟೆಗಳ ಅಂತರದ ಲಯ ಅದರಲ್ಲಿ ಕಾಣಿಸದು. ನಾನು ಒಂದು ಹಾಳಾದ ಪ್ರೂಫ್ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡ ಸಾಲು ಹೀಗಿತ್ತು: 10.15, 10.30, 10.46, 11.00. ಆ ಕ್ಷಣಕ್ಕೆ ಅದರ ಅರ್ಥ ಹೊಳೆಯಲಿಲ್ಲ, ಆದರೆ ಕೊನೆಗೆ ಬೀಗ ತೆರೆದದ್ದು ಆ ನಾಲ್ಕು ಅಂಕಿಗಳೇ.

ಎರಡನೆಯ ಹಂತ: ಟಾಸ್ಕ್ ಮ್ಯಾನೇಜರನ್ನು ಓದುವ ಬಗೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಮೊದಲು 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ, ತೊಂದರೆ ನಿಜವಾಗಿಯೂ ಪ್ರೊಸೆಸರಿನದೇ ಎಂದು ಖಚಿತಪಡಿಸಿಕೊಳ್ಳಿ. ಸಿಪಿಯು (ಅಂದರೆ ಪ್ರೊಸೆಸರ್) ಶೇ. 20ರಲ್ಲಿದ್ದು ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡಿದ್ದರೆ ಅದು ಬೇರೆಯೇ ಕಾಯಿಲೆ. ಅಲ್ಲಿಯೇ ಕೆಳಗೆ 'ಸ್ಪೀಡ್' ಎಂಬ ಅಂಕಿಯನ್ನೂ ಗಮನಿಸಿ. 3.6 ಗಿಗಾಹರ್ಟ್ಸ್‌ನ ಪ್ರೊಸೆಸರ್ ಭಾರದ ನಡುವೆಯೂ 0.8ರಲ್ಲಿ ತೆವಳುತ್ತಿದ್ದರೆ ಯಾವ ಪ್ರೊಸೆಸ್ಸಿನ ತಪ್ಪೂ ಇರಲಿಕ್ಕಿಲ್ಲ: ಶಾಖ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಧೂಳು ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಮುದ್ರಣದ ಅಂಗಡಿಯಲ್ಲಿ ಅದರ ಜೊತೆ ಕಾಗದದ ಹುಡಿಯೂ ಸೇರಿ ಹೀಟ್‌ಸಿಂಕಿನ ಸಂದುಗಳನ್ನು ಮುಚ್ಚುವುದರಿಂದ, ಕವಚ ಬಿಚ್ಚಿ ಬ್ರಷ್ಷು ಹಿಡಿಯುವುದೇ ಅಲ್ಲಿ ಪರಿಹಾರ.

ವೇಗ ಸರಿಯಿದ್ದರೆ 'ಡೀಟೇಲ್ಸ್' ವಿಭಾಗಕ್ಕೆ ಬಂದು ಸಿಪಿಯು ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಹೊಸಬರು ಇಲ್ಲಿ ಗಾಬರಿಯಾಗುವುದು 'ಸಿಸ್ಟಮ್ ಐಡಲ್ ಪ್ರೊಸೆಸ್' ಎಂಬ ಹೆಸರಿನ ಮುಂದೆ 90ರ ಅಂಕಿ ಕಂಡಾಗ. ಅದು ಪ್ರೊಸೆಸರ್ ಬಿಡುವಾಗಿರುವ ಪಾಲನ್ನು ಹೇಳುವ ಸಾಲು, ಅಲ್ಲಿ ಅಂಕಿ ದೊಡ್ಡದಿದ್ದಷ್ಟು ಒಳ್ಳೆಯದು.

ಇನ್ನು ಉಳಿದ ಅಂಕಿಗಳನ್ನು ಓದುವಾಗ ಒಂದು ಸಣ್ಣ ಲೆಕ್ಕ ಬಹಳ ಉಪಕಾರಿ. ಇಲ್ಲಿ ಶೇ. 100 ಎಂದರೆ ಎಲ್ಲ ಲಾಜಿಕಲ್ ಪ್ರೊಸೆಸರುಗಳೂ (ಪ್ರೊಸೆಸರಿನೊಳಗೆ ಏಕಕಾಲಕ್ಕೆ ದುಡಿಯಬಲ್ಲ ಘಟಕಗಳು) ಪೂರ್ತಿ ದುಡಿಯುತ್ತಿವೆ ಎಂದರ್ಥ. ನನ್ನ ಯಂತ್ರದಲ್ಲಿ ಅವು ನಾಲ್ಕು, ಆದ್ದರಿಂದ ಒಂದನ್ನು ಪೂರ್ತಿಯಾಗಿ ಹಿಡಿದುಕೊಂಡ ಪ್ರೊಸೆಸ್ 25 ಎಂದು ತೋರಿಸುತ್ತದೆ. ಎಂಟಿದ್ದರೆ ಆ ಅಂಕಿ 12 ಅಥವಾ 13. ಒಂದು ಪ್ರೊಸೆಸ್ ಗಂಟೆಗಟ್ಟಲೆ ಸರಿಯಾಗಿ 25ರಲ್ಲೇ, ಕೂದಲೆಳೆಯಷ್ಟೂ ಏರಿಳಿಯದೆ ನಿಂತಿದ್ದರೆ, ಅದರ ಒಂದು ಥ್ರೆಡ್ (ಪ್ರೊಸೆಸ್ಸಿನೊಳಗಿನ ಕೆಲಸದ ಒಂದು ಎಳೆ) ಮುಗಿಯದ ಸುತ್ತಿನಲ್ಲಿ ಸಿಕ್ಕಿಬಿದ್ದಿದೆ ಎಂದು ಸಂಶಯಿಸಬಹುದು. ಬದಲಿಗೆ ಅಂಕಿ 8, 31, 17, 40 ಎಂದು ಕುಣಿಯುತ್ತಿದ್ದರೆ ಅದು ನಿಜವಾದ ಕೆಲಸ ಮಾಡುತ್ತಿದೆ, ಯಾರೋ ಅದಕ್ಕೆ ಕೆಲಸ ಒದಗಿಸುತ್ತಲೇ ಇದ್ದಾರೆ. ಮೊದಲನೆಯದಕ್ಕೆ ಪ್ರೊಸೆಸ್ಸನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು ಮದ್ದು. ಎರಡನೆಯದಕ್ಕೆ ಆ ಮದ್ದು ನಾಟುವುದೇ ಇಲ್ಲ.

ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ 'ಸೆಲೆಕ್ಟ್ ಕಾಲಮ್ಸ್' ತೆರೆದು, 'ಸಿಪಿಯು ಟೈಮ್' ಮತ್ತು ಪ್ರೊಸೆಸ್ ಯಾವ ಆಜ್ಞೆಯಿಂದ ಆರಂಭವಾಯಿತೆಂದು ತೋರಿಸುವ 'ಕಮಾಂಡ್ ಲೈನ್' ಎರಡನ್ನೂ ಸೇರಿಸಿಕೊಳ್ಳಿ. ಸಿಪಿಯು ಟೈಮ್ ಎನ್ನುವುದು ಆ ಪ್ರೊಸೆಸ್ ಆರಂಭವಾದಂದಿನಿಂದ ಒಟ್ಟು ಎಷ್ಟು ಹೊತ್ತು ಪ್ರೊಸೆಸರನ್ನು ಬಳಸಿದೆ ಎಂಬ ಲೆಕ್ಕ. ನೀವು ನೋಡುವಾಗ ಸುಮ್ಮನಿದ್ದು, ನೋಡದಿರುವಾಗ ದುಡಿಯುವ ಪ್ರೊಸೆಸ್ ಸಿಕ್ಕಿಬೀಳುವುದು ಇಲ್ಲಿಯೇ. ಕ್ಷಣದ ಅಂಕಿಗಿಂತ ಈ ಒಟ್ಟು ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ.

ಮೂರನೆಯ ಹಂತ: ಹೆಸರಿನ ಹಿಂದಿನ ಉದ್ಯೋಗ

ಪಟ್ಟಿಯ ತುದಿಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು ಹತ್ತು ಹದಿನೈದಕ್ಕಿಂತ ಹೆಚ್ಚಿಲ್ಲ. 'ಸರ್ಚ್ ಇಂಡೆಕ್ಸರ್', 'ಸರ್ಚ್ ಪ್ರೊಟೊಕಾಲ್ ಹೋಸ್ಟ್', 'ಸರ್ಚ್ ಫಿಲ್ಟರ್ ಹೋಸ್ಟ್' ಎಂಬ ಮೂವರು ಒಂದೇ ಮನೆಯವರು: ಹುಡುಕಿದ ತಕ್ಷಣ ಫೈಲ್ ಸಿಗಲೆಂದು ಮೊದಲೇ ಫೈಲುಗಳನ್ನು ಓದಿ ಸೂಚಿ ತಯಾರಿಸುವುದು ಇವರ ಕೆಲಸ. 'ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಎಂಬುದು ವಿಂಡೋಸಿನೊಂದಿಗೇ ಬರುವ ಡಿಫೆಂಡರ್. 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್' ಕಂಡರೆ ಅಪ್‌ಡೇಟ್ ನಡೆಯುತ್ತಿದೆ ಎಂದು ತಿಳಿದು ಕೈಕಟ್ಟಿ ಕುಳಿತುಕೊಳ್ಳುವುದೇ ಜಾಣತನ, ನಡುವೆ ನಿಲ್ಲಿಸಿದರೆ ಅರ್ಧಂಬರ್ಧ ಅಪ್‌ಡೇಟಿನ ತಲೆನೋವು ಬೇರೆ ಬರುತ್ತದೆ.

'ಸರ್ವಿಸ್ ಹೋಸ್ಟ್' ಎಂಬ ಹೆಸರು ಹತ್ತಾರು ಕಡೆ ಕಾಣುತ್ತದೆ. ಹಿಂದೆ ಒಂದೇ ಸರ್ವಿಸ್ ಹೋಸ್ಟಿನೊಳಗೆ ಅನೇಕ ಸೇವೆಗಳು ಬಿಡಾರ ಹೂಡುತ್ತಿದ್ದುದರಿಂದ ತಪ್ಪಿತಸ್ಥ ಯಾರೆಂದು ಹೇಳುವುದು ಕಷ್ಟವಿತ್ತು. 2017ರ ವಿಂಡೋಸ್ 10 ಪರಿಷ್ಕರಣೆಯಿಂದೀಚೆಗೆ, 3.5 ಗಿಗಾಬೈಟಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಿ ಹೆಚ್ಚಿನ ಸೇವೆಗಳಿಗೆ ಪ್ರತ್ಯೇಕ ಮನೆ ಸಿಕ್ಕಿದೆ, ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ 'ಗೋ ಟು ಸರ್ವಿಸಸ್' ಎಂದರೆ ಒಳಗಿರುವವರು ಯಾರೆಂದು ತಿಳಿಯುತ್ತದೆ. 'ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್' ಮಾತ್ರ ಅಪ್ಪಟ ಆಳು. ಬೇರೊಂದು ಪ್ರೋಗ್ರಾಂ ಕೇಳುವ ಪ್ರಶ್ನೆಗಳಿಗೆ ಯಂತ್ರದ ವಿವರ ಹುಡುಕಿ ಕೊಡುವುದಷ್ಟೇ ಅದರ ಪಾಡು. ಕೇಳುತ್ತಿರುವವರು ಯಾರೆಂದು ತಿಳಿಯಲು ಈವೆಂಟ್ ವ್ಯೂವರಿನಲ್ಲಿ ಡಬ್ಲ್ಯುಎಂಐ-ಆ್ಯಕ್ಟಿವಿಟಿ ಎಂಬ ದಾಖಲೆ ತೆರೆದು, ದೋಷದ ಸಾಲುಗಳಲ್ಲಿರುವ 'ಕ್ಲೈಂಟ್ ಪ್ರೊಸೆಸ್ ಐಡಿ' ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರಿನ ಪಿಐಡಿ (ಪ್ರೊಸೆಸ್ ಐಡಿ) ಕಾಲಮ್ಮಿನೊಂದಿಗೆ ತಾಳೆ ನೋಡಬೇಕು.

ನಮ್ಮಂಥ ಅಂಗಡಿಗಳಲ್ಲಿ ಪ್ರಿಂಟಿನ ಕೆಲಸಗಳನ್ನು ಸರದಿಯಲ್ಲಿಡುವ 'ಸ್ಪೂಲರ್' ಕೂಡ ಆಗಾಗ ಮೇಲೇರುತ್ತದೆ. ಪ್ರಿಂಟಿಗೆ ಕೊಟ್ಟ ಒಂದು ಫೈಲ್ ಅರ್ಧದಲ್ಲಿ ಸಿಕ್ಕಿಕೊಂಡಾಗ ಹೀಗಾಗುವುದುಂಟು. ಸರ್ವಿಸಸ್ ಪಟ್ಟಿಯಲ್ಲಿ 'ಪ್ರಿಂಟ್ ಸ್ಪೂಲರ್' ನಿಲ್ಲಿಸಿ, ವಿಂಡೋಸಿನ ಸಿಸ್ಟಮ್32 ಫೋಲ್ಡರಿನೊಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಎಂಬ ಫೋಲ್ಡರಿನಲ್ಲಿರುವ ಫೈಲುಗಳನ್ನು ಅಳಿಸಿ, ಸ್ಪೂಲರನ್ನು ಮತ್ತೆ ಆರಂಭಿಸಿದರೆ ಮುಗಿಯಿತು. ಆ ಫೋಲ್ಡರನ್ನೇ ಅಳಿಸಬೇಡಿ, ಒಳಗಿನದನ್ನು ಮಾತ್ರ. 'ಸಿಸ್ಟಮ್ ಇಂಟರಪ್ಟ್ಸ್' ಮೇಲೇರಿದರೆ ಅದು ಪ್ರೋಗ್ರಾಮೇ ಅಲ್ಲ, ಯಾವುದೋ ಡ್ರೈವರ್ ಅಥವಾ ಯುಎಸ್‌ಬಿಗೆ ಸಿಕ್ಕಿಸಿದ ಸಾಧನ ಪೀಡಿಸುತ್ತಿದೆ ಎಂದು ಅರ್ಥ. ಒಂದೊಂದಾಗಿ ಕಳಚಿ ನೋಡಿ.

ನಾಲ್ಕನೆಯ ಹಂತ: ಯಾವ ಫೈಲಿನ ಮೇಲೆ ಕೈಯಿಟ್ಟಿದೆ?

ಹೆಚ್ಚಿನ ಸಲಹೆಗಳು ಇಲ್ಲಿಗೆ ನಿಂತು, "ಇಂಡೆಕ್ಸರ್ ಕಂಡರೆ ಇಂಡೆಕ್ಸಿಂಗ್ ನಿಲ್ಲಿಸಿ, ಡಿಫೆಂಡರ್ ಕಂಡರೆ ಡಿಫೆಂಡರ್ ನಿಲ್ಲಿಸಿ" ಎಂದುಬಿಡುತ್ತವೆ. ನನ್ನ ಯಂತ್ರದಲ್ಲಿ ಈ ಎರಡೂ ಏಕಕಾಲಕ್ಕೆ ಮೇಲೇರುತ್ತಿದ್ದವು, ಎರಡೂ ಏಕಕಾಲಕ್ಕೆ ಇಳಿಯುತ್ತಿದ್ದವು. ಪರಸ್ಪರ ಸಂಬಂಧವಿಲ್ಲದ ಇಬ್ಬರು ಆಳುಗಳು ಒಟ್ಟಿಗೇ ಎದ್ದು ಒಟ್ಟಿಗೇ ಕೂರುತ್ತಾರೆಂದರೆ ಇಬ್ಬರಿಗೂ ಒಂದೇ ಕಡೆಯಿಂದ ಕರೆ ಬರುತ್ತಿರಬೇಕು.

ಅದನ್ನು ಕಾಣಲು ರಿಸೋರ್ಸ್ ಮಾನಿಟರ್ ಬೇಕು. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಟೈಪಿಸಿದರೆ ಸಿಗುತ್ತದೆ. ಅದರ 'ಡಿಸ್ಕ್' ವಿಭಾಗದಲ್ಲಿ ಮೇಲುಗಡೆ ಪ್ರೊಸೆಸ್‌ಗಳ ಪಟ್ಟಿ, ಕೆಳಗಡೆ 'ಡಿಸ್ಕ್ ಆ್ಯಕ್ಟಿವಿಟಿ' ಎಂಬ ಹೆಸರಿನಲ್ಲಿ ಆ ಕ್ಷಣಕ್ಕೆ ಓದಿ ಬರೆಯಲಾಗುತ್ತಿರುವ ಫೈಲುಗಳ ಪೂರ್ತಿ ವಿಳಾಸ ಇರುತ್ತದೆ. ಮೇಲಿನ ಪಟ್ಟಿಯಲ್ಲಿ ಸಂಶಯದ ಪ್ರೊಸೆಸ್‌ಗಳ ಚೌಕಕ್ಕೆ ಗುರುತು ಹಾಕಿದರೆ, ಕೆಳಗಡೆ ಅವುಗಳ ಫೈಲುಗಳು ಮಾತ್ರ ಉಳಿಯುತ್ತವೆ. ತೊಂದರೆ ಏರುವ ಹೊತ್ತಿಗೆ ಈ ಕಿಟಕಿ ತೆರೆದಿರಬೇಕು, ಇಳಿದ ಮೇಲೆ ತೆರೆದು ಪ್ರಯೋಜನವಿಲ್ಲ.

11.15ಕ್ಕೆ ಎರಡು ನಿಮಿಷವಿರುವಾಗ ನಾನು ಅದನ್ನು ತೆರೆದು ಕುಳಿತೆ. ಸಮಯವಾಗುತ್ತಿದ್ದಂತೆ ಕೆಳಗಿನ ಪಟ್ಟಿ ಒಮ್ಮೆಲೇ ತುಂಬಿಕೊಂಡಿತು. ಡಿಫೆಂಡರ್ ಓದುತ್ತಿದ್ದುದು ಹಿಂದಿನ ವರ್ಷದ ಒಂದು ಮದುವೆಯ ಕರೆಯೋಲೆ. ಮರುಕ್ಷಣ ಸರ್ಚ್ ಪ್ರೊಟೊಕಾಲ್ ಹೋಸ್ಟಿನ ಕೈಯಲ್ಲಿಯೂ ಅದೇ ಕರೆಯೋಲೆ. ಅದರ ಬೆನ್ನಿಗೆ ಒಂದು ಬಯಲಾಟದ ಕರಪತ್ರ, ಒಂದು ಸಹಕಾರಿ ಸಂಘದ ವಾರ್ಷಿಕ ವರದಿ, ಒಂದು ಉತ್ತರಕ್ರಿಯೆಯ ಪತ್ರ. ಯಾವುದನ್ನೂ ನಾನು ಆ ದಿನ ಮುಟ್ಟಿರಲಿಲ್ಲ. ಫೈಲುಗಳ ವಿಳಾಸವೆಲ್ಲ 'ಡಾಕ್ಯುಮೆಂಟ್ಸ್' ಫೋಲ್ಡರಿನೊಳಗಿನ 'ಬ್ಯಾಕಪ್' ಎಂಬ ಫೋಲ್ಡರಿನದು. ಆ ಗದ್ದಲದ ನಡುವೆ ಮೂರನೆಯ ಹೆಸರೊಂದು ಕಂಡಿತು: ಫೈಲುಗಳನ್ನು ನಕಲು ಮಾಡುವ ಎಕ್ಸ್‌ಕಾಪಿ. ಅದರ ಸಿಪಿಯು ಅಂಕಿ 1ರ ಆಸುಪಾಸು. ಸಿಪಿಯು ಲೆಕ್ಕದಲ್ಲಿ ವಿಂಗಡಿಸಿದ ಪಟ್ಟಿಯಲ್ಲಿ ಅದು ಎಷ್ಟು ಕೆಳಗಿತ್ತೆಂದರೆ, ಟಾಸ್ಕ್ ಮ್ಯಾನೇಜರನ್ನು ದಿನವಿಡೀ ನೋಡಿದ್ದರೂ ನಾನು ಅದರ ಮೇಲೆ ಬೆರಳಿಡುತ್ತಿರಲಿಲ್ಲ.

ರಿಸೋರ್ಸ್ ಮಾನಿಟರಿಗಿಂತ ಹರಿತವಾದ ಸಾಧನ ಬೇಕಿದ್ದವರು ಪ್ರೊಸೆಸ್ ಎಕ್ಸ್‌ಪ್ಲೋರರ್ ಬಳಸಬಹುದು. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಉಪಕರಣಗಳಲ್ಲಿ ಒಂದಾದ ಇದು, 2006ರಲ್ಲಿ ಅವರ ಸಂಸ್ಥೆ ಮೈಕ್ರೋಸಾಫ್ಟ್ ಪಾಲಾದ ಮೇಲೂ ಉಚಿತವಾಗಿಯೇ ಸಿಗುತ್ತಿದೆ. ಯಾವ ಪ್ರೊಸೆಸ್ಸನ್ನು ಯಾರು ಹುಟ್ಟಿಸಿದರು ಎಂಬುದನ್ನು ವಂಶವೃಕ್ಷದಂತೆ ಬಿಡಿಸಿ ತೋರಿಸುವುದೇ ಅದರ ದೊಡ್ಡ ಗುಣ.

ಐದನೆಯ ಹಂತ: ಧಣಿಯ ಮನೆ

ಹದಿನೈದು ನಿಮಿಷದ ಲಯ, ತಾನಾಗಿಯೇ ಓಡುವ ನಕಲು. ಇವೆರಡನ್ನು ಜೋಡಿಸಿದಾಗ ಹುಡುಕಬೇಕಾದ ಜಾಗ ಒಂದೇ: ಗೊತ್ತುಪಡಿಸಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಷೆಡ್ಯೂಲರ್. ಎಡಗಡೆಯ 'ಟಾಸ್ಕ್ ಷೆಡ್ಯೂಲರ್ ಲೈಬ್ರರಿ' ಆರಿಸಿ, ನಡುವಿನ ಪಟ್ಟಿಯಲ್ಲಿ 'ಲಾಸ್ಟ್ ರನ್ ಟೈಮ್' ಕಾಲಮ್ಮನ್ನು ನಿಮ್ಮ ಟಿಪ್ಪಣಿಯ ಹೊತ್ತಿನೊಂದಿಗೆ ಹೋಲಿಸಿ. ನನ್ನಲ್ಲಿ ಮೂರನೆಯ ಸಾಲಿನ ಎದುರು 11.15 ಎಂದಿತ್ತು. ಆ ಸಾಲಿಗೆ ಹೆಸರಿಟ್ಟವನು ನಾನೇ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಕರೆಂಟು ಹೋಗಿ ಒಂದು ಸ್ಮರಣ ಸಂಚಿಕೆಯ ಅರ್ಧ ದಿನದ ಕೆಲಸ ಕಳೆದುಕೊಂಡ ಸಿಟ್ಟಿನಲ್ಲಿ, ಕೆಲಸದ ಫೋಲ್ಡರನ್ನೆಲ್ಲ ಕಾಲು ಗಂಟೆಗೊಮ್ಮೆ ನಕಲು ಮಾಡುವಂತೆ ಬರೆದಿಟ್ಟು, ಕಪ್ಪು ಕಿಟಕಿ ಕಣ್ಣಿಗೆ ಬೀಳದಿರಲೆಂದು 'ಲಾಗಿನ್ ಆಗಿದ್ದರೂ ಇಲ್ಲದಿದ್ದರೂ ಓಡಲಿ' ಎಂಬ ಆಯ್ಕೆ ಕೊಟ್ಟು, ಆಮೇಲೆ ಮರೆತುಬಿಟ್ಟಿದ್ದೆ.

ಫೈಲುಗಳು ಕಡಿಮೆ ಇದ್ದಾಗ ಅದರಿಂದ ತೊಂದರೆಯಾಗಲಿಲ್ಲ. ಅವು ಸಾವಿರಗಟ್ಟಲೆ ಆದ ಮೇಲೆ ಪ್ರತಿ ಸಲವೂ ಬದಲಾದದ್ದು, ಬದಲಾಗದ್ದು ಎಂಬ ಭೇದವಿಲ್ಲದೆ ಎಲ್ಲವನ್ನೂ ಮತ್ತೆ ಬರೆಯಲಾಗುತ್ತಿತ್ತು. ಹೊಸದಾಗಿ ಬರೆದ ಪ್ರತಿ ಫೈಲನ್ನೂ ಡಿಫೆಂಡರ್ ತಪಾಸಿಸಬೇಕು, ಅದು ಅದರ ಧರ್ಮ. ಬಳಕೆದಾರರ ಫೋಲ್ಡರುಗಳು ಮೊದಲಿನಿಂದಲೂ ಸೂಚಿಯ ವ್ಯಾಪ್ತಿಯಲ್ಲಿರುವುದರಿಂದ ಡಾಕ್ಯುಮೆಂಟ್ಸಿನೊಳಗೆ ಬದಲಾದ ಪ್ರತಿ ಫೈಲನ್ನೂ ಇಂಡೆಕ್ಸರ್ ಮತ್ತೆ ಓದಬೇಕು, ಅದು ಅದರ ಧರ್ಮ. ನಾನು ಬೆಳಗಿನಿಂದ 'ಎಂಡ್ ಟಾಸ್ಕ್' ಒತ್ತುತ್ತಿದ್ದುದು ನನ್ನ ಅಪ್ಪಣೆಯನ್ನೇ ಪಾಲಿಸುತ್ತಿದ್ದ ಇಬ್ಬರ ಮೇಲೆ.

ನಿಮ್ಮಲ್ಲಿ ಧಣಿ ಷೆಡ್ಯೂಲರಿನಲ್ಲಿ ಸಿಗದಿದ್ದರೆ ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟಪ್ ಆ್ಯಪ್ಸ್' ನೋಡಿ. ಅಲ್ಲಿಯೂ ಸಿಗದಿದ್ದರೆ ಕ್ಲೀನ್ ಬೂಟ್ ಮಾಡಬೇಕಾಗುತ್ತದೆ. 'ಸಿಸ್ಟಮ್ ಕಾನ್ಫಿಗರೇಶನ್' ತೆರೆದು, 'ಸರ್ವಿಸಸ್' ವಿಭಾಗದಲ್ಲಿ 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಎಂಬುದಕ್ಕೆ ಮೊದಲು ಗುರುತು ಹಾಕಿ, ಉಳಿದವನ್ನೆಲ್ಲ ನಿಷ್ಕ್ರಿಯಗೊಳಿಸಿ, ರೀಸ್ಟಾರ್ಟ್ ಮಾಡಿ. ತೊಂದರೆ ಮಾಯವಾದರೆ ಅರ್ಧದಷ್ಟನ್ನು ಮರಳಿ ಚಾಲೂ ಮಾಡಿ ನೋಡಿ. ಮರುಕಳಿಸಿದರೆ ಅಪರಾಧಿ ಆ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಉಳಿದರ್ಧದಲ್ಲಿ. ಹೀಗೆ ಅರ್ಧಿಸುತ್ತ ಹೋದರೆ ಹದಿನಾರು ಸೇವೆಗಳಿದ್ದರೂ ನಾಲ್ಕು ಸುತ್ತಿಗೆ ಹೆಸರು ಹೊರಬೀಳುತ್ತದೆ. ಒಂದೊಂದನ್ನೇ ಪರೀಕ್ಷಿಸುತ್ತ ಕೂತರೆ ಸಂಜೆಯಾಗುತ್ತದೆ. ಆ ಮೊದಲ ಗುರುತನ್ನು ಮಾತ್ರ ಮರೆಯಬಾರದು, ಮರೆತರೆ ವಿಂಡೋಸಿನ ಸ್ವಂತ ಸೇವೆಗಳೂ ನಿಂತು ಹೊಸ ಅವಾಂತರವಾಗುತ್ತದೆ.

ಆರನೆಯ ಹಂತ: ಸರಿಪಡಿಸುವುದು

ನಾನು ಎಕ್ಸ್‌ಕಾಪಿಯ ಬದಲಿಗೆ ರೋಬೋಕಾಪಿ ಹಾಕಿದೆ. ವಿಂಡೋಸಿನಲ್ಲಿಯೇ ಇರುವ ಇದು ಬದಲಾಗದ ಫೈಲುಗಳನ್ನು ತಾನಾಗಿಯೇ ಬಿಟ್ಟು, ಬದಲಾದದ್ದನ್ನು ಮಾತ್ರ ನಕಲು ಮಾಡುತ್ತದೆ. ನಕಲಿನ ಜಾಗವನ್ನು ಡಾಕ್ಯುಮೆಂಟ್ಸಿನಿಂದ ಎರಡನೆಯ ಡಿಸ್ಕಿಗೆ ಸಾಗಿಸಿದೆ, ಮೂಲವೂ ನಕಲೂ ಒಂದೇ ಡಿಸ್ಕಿನಲ್ಲಿದ್ದುದೇ ಮೊದಲಿನ ಅವಿವೇಕ. ಬಳಿಕ ಕಂಟ್ರೋಲ್ ಪ್ಯಾನೆಲ್ಲಿನ 'ಇಂಡೆಕ್ಸಿಂಗ್ ಆಪ್ಶನ್ಸ್' ತೆರೆದು, 'ಮಾಡಿಫೈ' ಒತ್ತಿ, ಸೂಚಿ ಬೇಕಿಲ್ಲದ ಫೋಲ್ಡರುಗಳ ಗುರುತು ತೆಗೆದೆ. ಫಾಂಟುಗಳ ಸಂಗ್ರಹ, ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳು ಇವನ್ನೆಲ್ಲ ಹೊರಗಿಡಬಹುದು.

ಅದೇ ಕಿಟಕಿಯ 'ಅಡ್ವಾನ್ಸ್‌ಡ್' ಒಳಗಿನ 'ರೀಬಿಲ್ಡ್' ಗುಂಡಿಯನ್ನು ಕಂಡೊಡನೆ ಒತ್ತುವ ಚಪಲ ಬೇಡ. ಅದು ಇಡೀ ಸೂಚಿಯನ್ನು ಅಳಿಸಿ ಮೊದಲಿನಿಂದ ಕಟ್ಟುತ್ತದೆ, ಫೈಲುಗಳು ಬಹಳವಿದ್ದರೆ ಗಂಟೆಗಟ್ಟಲೆ ಪ್ರೊಸೆಸರ್ ಮತ್ತೆ ಕುದಿಯುತ್ತದೆ. ಸೂಚಿಯೇ ಕೆಟ್ಟಿದೆ ಎಂಬುದಕ್ಕೆ ಗುರುತು ಇದ್ದಾಗ, ಉದಾಹರಣೆಗೆ ಕಣ್ಣೆದುರಿನ ಫೈಲನ್ನೂ ಹುಡುಕಾಟ ತೋರಿಸದಿದ್ದಾಗ, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅದನ್ನು ಒತ್ತಿ ಯಂತ್ರವನ್ನು ಚಾಲೂ ಇಟ್ಟು ಹೋಗಿ. ನೀವು ಕೆಲಸ ಮಾಡುತ್ತಿರುವಾಗ ಇಂಡೆಕ್ಸರ್ ತನ್ನ ವೇಗ ತಗ್ಗಿಸಿಕೊಳ್ಳುವುದರಿಂದ ಹಗಲಿನಲ್ಲಿ ಅದು ಇನ್ನೂ ಎಳೆಯುತ್ತದೆ.

ಡಿಫೆಂಡರಿನ ನಿಗದಿತ ಸ್ಕ್ಯಾನ್ ಕೆಲಸದ ಹೊತ್ತಿನಲ್ಲಿ ಅಡ್ಡ ಬರುತ್ತಿದ್ದರೆ, ಷೆಡ್ಯೂಲರಿನಲ್ಲಿ ಅದರ ವೇಳೆಯನ್ನು ಬದಲಿಸಬಹುದು. ನಿಗದಿತ ಸ್ಕ್ಯಾನಿಗೆ ಸರಾಸರಿ ಶೇ. 50ರ ಸಿಪಿಯು ಮಿತಿ ಮೊದಲೇ ಇರುತ್ತದೆ, ಪವರ್‌ಶೆಲ್ (ಆಜ್ಞೆಗಳನ್ನು ಟೈಪಿಸುವ ಕಿಟಕಿ) ಮೂಲಕ ಅದನ್ನು ಇನ್ನಷ್ಟು ಇಳಿಸಲೂ ಸಾಧ್ಯ. ಆದರೆ ಫೈಲ್ ತೆರೆದಾಗ ನಡೆಯುವ ತಪಾಸಣೆಗೆ ಈ ಮಿತಿ ಅನ್ವಯಿಸುವುದಿಲ್ಲ. ಕೆಲವರು ಇಡೀ ಡ್ರೈವನ್ನೇ ತಪಾಸಣೆಯಿಂದ ಹೊರಗಿಡಲು ಹೇಳುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟಿಗೆಂದು ವಿದ್ಯಾರ್ಥಿಗಳು ದಿನಕ್ಕೆ ಹತ್ತಿಪ್ಪತ್ತು ಪೆನ್‌ಡ್ರೈವ್ ತಂದು ಸಿಕ್ಕಿಸುವ ಅಂಗಡಿಯಲ್ಲಿ ನಾನಂತೂ ಆ ಕೆಲಸ ಮಾಡಲಾರೆ.

ವೈರಸ್ಸಿನ ಸಂಶಯ ಬಂದರೆ

ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಫ್ಯಾನಿನ ಸದ್ದು ಅಡಗಿ, ಮುಚ್ಚಿದ ಮೇಲೆ ಮತ್ತೆ ಏರುತ್ತಿದ್ದರೆ ಎಚ್ಚರಿಕೆ ಬೇಕು. ಕದ್ದು ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸುವ ಕೆಲವು ದುಷ್ಟ ಪ್ರೋಗ್ರಾಂಗಳು ಹೀಗೆ ಅಡಗುತ್ತವೆ. ಸಂಶಯದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ನೋಡಿ: ಅಸಲಿ ಸರ್ವಿಸ್ ಹೋಸ್ಟ್ ಇರುವುದು ವಿಂಡೋಸಿನ ಸಿಸ್ಟಮ್32ರಲ್ಲಿ, ಅದೇ ಹೆಸರಿನದು ಟೆಂಪ್ ಫೋಲ್ಡರಿನಲ್ಲೋ ಡೌನ್‌ಲೋಡ್ಸಿನಲ್ಲೋ ಕಂಡರೆ ವೇಷಧಾರಿ. ಆಗ ನೆಟ್ ಕಳಚಿ, ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಅಡಗಲು ಜಾಗ ಸಿಗದು.

ಕೊನೆಯ ಹಂತ: ಸರಿಯಾಯಿತೆಂದು ತಿಳಿಯುವುದು ಹೇಗೆ

ಬದಲಾವಣೆ ಮಾಡಿದ ಕೂಡಲೇ ವೇಗವಾಯಿತು ಎನಿಸುವುದು ಹೆಚ್ಚಾಗಿ ರೀಸ್ಟಾರ್ಟಿನ ಮಹಿಮೆ. ಆದ್ದರಿಂದ ಒಂದು ಪೂರ್ತಿ ಕೆಲಸದ ದಿನ ಕಳೆದ ಮೇಲೆ ಸಿಪಿಯು ಟೈಮ್ ಕಾಲಮ್ಮನ್ನು ನೋಡಿ. ನನ್ನ ಟಿಪ್ಪಣಿಯಲ್ಲಿ, ದುರಸ್ತಿಯ ಹಿಂದಿನ ದಿನ ಸಂಜೆ ಆರಕ್ಕೆ ಡಿಫೆಂಡರಿನ ಎದುರು ಎರಡು ಗಂಟೆಗೂ ಹೆಚ್ಚಿತ್ತು, ಮರುದಿನ ಅದೇ ಹೊತ್ತಿಗೆ ಒಂಬತ್ತು ನಿಮಿಷ. ಇಂಡೆಕ್ಸರಿನದು ನಾಲ್ಕು. ಆಮಂತ್ರಣದ ಹಿರಿಯರು ಆ ಸಂಜೆ ಎರಡನೆಯ ಕರಡಿಗೆ ಬಂದು, ಇನ್ನೊಂದು ಹೆಸರಿನ ಮುಂದೆ 'ಶ್ರೀ' ಬಿಟ್ಟುಹೋಗಿದೆ ಎಂದರು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅದು ಪರದೆಯ ಮೇಲೆ ಕೂತಿತ್ತು.